ಒಂದು ಡಾಲರಿನ ಕಚೇರಿ

‘ಸಹಾಯಾರ್ಥ’ ಎಂಬ ಮಾತು ಟಿಕೆಟ್ಟಿನ ಮೇಲೆ ಅಚ್ಚಾಯಿತೆಂದರೆ ವಿಮರ್ಶಕನ ಕೈ ಅರ್ಧ ಕಟ್ಟಿದಂತೆಯೇ. ಶಾಲೆಯ ಕಟ್ಟಡಕ್ಕೋ ಆಸ್ಪತ್ರೆಯ ಹಾಸಿಗೆಗೋ ಹಣ ಕೂಡಿಸಲು ಹಾಡಿದವರ ಶ್ರುತಿ ಜಾರಿತೆಂದು ಬರೆಯಲು ಯಾರಿಗೆ ಮನಸ್ಸು ಬಂದೀತು? ನಾನೂ ಒಮ್ಮೆ ಈ ಇಕ್ಕಟ್ಟಿಗೆ ಸಿಕ್ಕಿಬಿದ್ದವನೇ. ಬಹಳ ವರ್ಷಗಳ ಹಿಂದೆ ಒಂದು ಸಣ್ಣ ಸಂಗೀತಶಾಲೆಯ ಸಹಾಯಾರ್ಥ ನಡೆದ ಕಚೇರಿಗೆ ಹೋಗಿದ್ದೆ. ಗಾಯಕರು ತಡವಾಗಿ ಬಂದರು. ಒಲ್ಲದ ಮನಸ್ಸಿನಿಂದ ಹಾಡಿದರು. ನಡುವೆ ಮೂವರು ಗಣ್ಯರು ಮಾತನಾಡಿ ಉಳಿದಿದ್ದ ಹೊತ್ತನ್ನೂ ತಿಂದರು. ಮಾರನೆಯ ದಿನ ನಾನು ‘ನಾದಾಮೃತದ ಸುರಿಮಳೆ’ ಎಂದು ಬರೆದುಕೊಟ್ಟೆ. ವಾರದ ಮೇಲೆ ಆ ಶಾಲೆಯ ಪಿಟೀಲು ಮೇಷ್ಟರು ದಾರಿಯಲ್ಲಿ ಸಿಕ್ಕಿದರು. ಮೊದಲು ನನ್ನ ಉಪಕಾರವನ್ನು ಸ್ಮರಿಸಿದರು. ಆಮೇಲೆ, ತಮ್ಮ ಮಕ್ಕಳೂ ಆ ದಿನ ಕೇಳಿದ್ದರೆಂದೂ, ನನ್ನ ಬರಹವನ್ನೂ ಓದಿದರೆಂದೂ, ಶ್ರುತಿಯೆಂದರೆ ಏನೆಂದು ಇನ್ನು ಅವರಿಗೆ ಹೇಗೆ ಹೇಳಿಕೊಡಲಿ ಎಂದೂ ಮೆಲ್ಲಗೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇತ್ತೀಚೆಗೆ ‘ವಾಟ್‌ಸ್ಟ್ಯಾಕ್ಸ್’ ಎಂಬ ಅಮೆರಿಕದ ಚಿತ್ರವನ್ನು ಎರಡನೆಯ ಸಲ ನೋಡುತ್ತಿದ್ದಾಗ ಆ ಮೇಷ್ಟರ ನೆನಪಾಯಿತು. ಅದೂ ಒಂದು ಸಹಾಯಾರ್ಥ ಕಚೇರಿಯ ಚಿತ್ರವೇ. ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬುದು ಆಗ ಕಪ್ಪು ಜನರ ಬಡ ಕೇರಿಯಾಗಿತ್ತು. 1965ರ ಆಗಸ್ಟಿನಲ್ಲಿ ಅಲ್ಲಿ ಆರು ದಿನ ದಂಗೆ ನಡೆದು 34 ಜನ ಸತ್ತರು. ಅದರ ಏಳನೆಯ ವರ್ಷದ ನೆನಪಿಗೆಂದು, 1972ರ ಆಗಸ್ಟ್ 20ರಂದು, ಮೆಂಫಿಸ್ ನಗರದ ಸ್ಟ್ಯಾಕ್ಸ್ ಎಂಬ ಗ್ರಾಮಫೋನ್ ಪ್ಲೇಟಿನ ಕಂಪನಿ ತನ್ನ ಗಾಯಕರನ್ನೆಲ್ಲ ಕರೆತಂದು ಲಾಸ್ ಏಂಜಲೀಸಿನ ಮೆಮೋರಿಯಲ್ ಕೊಲಿಸಿಯಂ ಕ್ರೀಡಾಂಗಣದಲ್ಲಿ ಹಗಲಿಡೀ ಹಾಡಿಸಿತು. ಬಂದ ಹಣ ಸಿಕಲ್ ಸೆಲ್ ಎಂಬ ರಕ್ತರೋಗದ ನಿಧಿಗೆ, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಆಸ್ಪತ್ರೆಗೆ, ವಾಟ್ಸಿನ ಬೇಸಗೆ ಉತ್ಸವಕ್ಕೆ ಎಂದು ಗೊತ್ತುಮಾಡಿದ್ದರು. ಟಿಕೆಟ್ಟಿನ ಬೆಲೆ ಒಂದೇ ಡಾಲರು. ಕೂಡಿದ ಜನ ಲಕ್ಷಕ್ಕೆ ಮೇಲೆ. ಮೆಲ್ ಸ್ಟುವರ್ಟ್ ನಿರ್ದೇಶಿಸಿದ ಚಿತ್ರ ಮರುವರ್ಷ, 1973ರಲ್ಲಿ, ತೆರೆಕಂಡಿತು.

ಸೋಲ್ ಸಂಗೀತದ ಪರಿಚಯವಿಲ್ಲದವರಿಗೆ ಎರಡು ಮಾತು. ಆ ಇಂಗ್ಲಿಷ್ ಪದಕ್ಕೆ ಆತ್ಮವೆಂದರ್ಥ. ಕನ್ನಡದಲ್ಲಿ ಬರೆದರೆ ‘ಸೋಲು’ ಎಂದು ಓದಿಕೊಳ್ಳುವ ಅಪಾಯವುಂಟು. ಆ ಓದು ಪೂರ್ತಿ ತಪ್ಪೂ ಅಲ್ಲ. ಕಪ್ಪು ಜನರ ಇಗರ್ಜಿಗಳಲ್ಲಿ ದೇವರನ್ನು ಕರೆಯುತ್ತಿದ್ದ ಕಂಠ ಬೀದಿಗಿಳಿದು, ಪ್ರೇಮದ ಅಳಲನ್ನೂ ಕೂಲಿಯ ದಣಿವನ್ನೂ ಅದೇ ಆರ್ತತೆಯಿಂದ ಹಾಡತೊಡಗಿದಾಗ ಹುಟ್ಟಿದ್ದು ಈ ಸಂಗೀತ. ಒಬ್ಬರು ಕೂಗುತ್ತಾರೆ, ಹತ್ತು ಜನ ಓಗೊಡುತ್ತಾರೆ. ನಮ್ಮ ಭಜನೆಯಲ್ಲಿ ಬೆಳೆದ ಕಿವಿಗೆ ಅದು ಹೊಸದೇನಲ್ಲ. ನಾಲ್ಕು ಎಣಿಕೆಯ ತಾಳದಲ್ಲಿ ಪೆಟ್ಟು ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ. ಸ್ಟ್ಯಾಕ್ಸ್ ವಾದ್ಯಗಾರರ ವೈಶಿಷ್ಟ್ಯವೆಂದರೆ ಆ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುವುದು. ಆ ತಡದಲ್ಲಿಯೇ ಅದರ ಬನಿಯೆಲ್ಲ ಇದೆ.

ಚಿತ್ರವನ್ನು ನೋಡುವಾಗ ಮೊದಲು ಮನಸ್ಸಿಗೆ ತಟ್ಟುವುದು ಶ್ರೋತೃಗಳ ಮುಖ. ದಾನ ಕೊಟ್ಟ ಗತ್ತು ಅಲ್ಲಿ ಒಬ್ಬರಲ್ಲಿಯೂ ಕಾಣದು. ಒಂದು ಡಾಲರು ಕೊಟ್ಟವನು ದಾನಿಯಾಗಲಾರ. ಹಾಡು ಚೆನ್ನಾಗಿರಬೇಕೆಂದು ಕೇಳುವ ಹಕ್ಕು ಮಾತ್ರ ಅವನಿಗೆ ಬಂದಿರುತ್ತದೆ. ಕಿಮ್ ವೆಸ್ಟನ್ ಆರಂಭದಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ಹಾಡಿದಾಗ ಬಹುಮಂದಿ ಕುಳಿತೇ ಇದ್ದರು. ಆಕೆಯೇ ಮತ್ತೆ ಬಂದು, ಜೇಮ್ಸ್ ವೆಲ್ಡನ್ ಜಾನ್ಸನ್ 1900ರಲ್ಲಿ ಬರೆದ, ಕಪ್ಪು ಜನರು ತಮ್ಮದೇ ರಾಷ್ಟ್ರಗೀತೆಯೆಂದು ಬಗೆಯುವ ‘ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್’ ಎತ್ತಿಕೊಂಡಾಗ ಅಂಗಣವೇ ಎದ್ದುನಿಂತು ಮುಷ್ಟಿಯೆತ್ತಿತು. ಕಂಠ ಒಂದೇ, ದಿನ ಒಂದೇ. ಯಾವ ಭಾಷಣವೂ ಇಷ್ಟನ್ನು ಹೇಳಲಾರದು.

ಆದರೆ ನನ್ನ ಮಟ್ಟಿಗೆ ಆ ದಿನದ ನಿಜವಾದ ವಿದ್ವಾಂಸ ರೂಫಸ್ ಥಾಮಸ್. ಆಗ ಆತನಿಗೆ 55 ವರ್ಷ. ಡೇರೆ ನಾಟಕಗಳಲ್ಲಿ ಕುಣಿದು, ಮೆಂಫಿಸಿನ ರೇಡಿಯೋದಲ್ಲಿ ಮಾತನಾಡಿ ಪಳಗಿದ ಮನುಷ್ಯ. ಗುಲಾಬಿ ಬಣ್ಣದ ಮೇಲುಹೊದಿಕೆ, ಗುಲಾಬಿ ಚಡ್ಡಿ, ಬಿಳಿಯ ಬೂಟು! ನೋಡಿದೊಡನೆ ನಗು ಬರುತ್ತದೆ. ನಗು ಬರಲೆಂದೇ ಆ ವೇಷ. ಆತ ಕೋಳಿಯ ಕುಣಿತದ ಹಾಡು ಎತ್ತಿಕೊಂಡದ್ದೇ ತಡ, ಜನ ಬೇಲಿ ದಾಟಿ ಹುಲ್ಲಿನ ಮೈದಾನಕ್ಕೆ ನುಗ್ಗಿದರು. ಹುಲ್ಲನ್ನು ತುಳಿಯಬಾರದೆಂಬ ಕಟ್ಟುನಿಟ್ಟು ಇತ್ತು. ನಗರದ ಪೊಲೀಸರನ್ನು ಒಳಗೆ ಬಿಟ್ಟಿರಲಿಲ್ಲ. ಕಾವಲಿಗೆ ಇದ್ದವರು ಬಂದೂಕವಿಲ್ಲದ ಜನ, ಬಹುತೇಕ ಕಪ್ಪು ಜನರೇ. ಏಳು ವರ್ಷದ ಹಿಂದೆ ಇದೇ ಜನ ಬೀದಿಗಿಳಿದಾಗ ಏನಾಯಿತೆಂಬುದನ್ನು ಯಾರೂ ಮರೆತಿರಲಿಲ್ಲ. ಆಗ ರೂಫಸ್ ಗದರಲಿಲ್ಲ, ಬೇಡಿಕೊಳ್ಳಲೂ ಇಲ್ಲ. ತಾನು ಹಾಡುತ್ತಿದ್ದ ಲಯದಲ್ಲಿಯೇ, ಮನೆಯ ಹಿರಿಯ ಮೊಮ್ಮಕ್ಕಳನ್ನು ರೇಗಿಸುವಂತೆ ಮಾತನಾಡುತ್ತ, ಅಷ್ಟೂ ಜನರನ್ನು ಮತ್ತೆ ಮೆಟ್ಟಿಲಿಗೆ ಹತ್ತಿಸಿಬಿಟ್ಟ. ಕೊನೆಗೆ ಕೊಡೆ ಹಿಡಿದ ಒಬ್ಬ ಆಸಾಮಿ ಮಾತ್ರ ಮೈದಾನದಲ್ಲಿ ಉಳಿದು ಕುಣಿಯುತ್ತಿದ್ದ. ರೂಫಸ್ ಅವನನ್ನು ನಾಲ್ಕು ಮಾತಿನಲ್ಲಿ ನಗೆಪಾಟಲು ಮಾಡಿದ; ಜನರೇ ಅವನನ್ನು ಸಾಗಹಾಕಿದರು. ಮಾತೆಲ್ಲಿ ಮುಗಿಯಿತು, ಹಾಡೆಲ್ಲಿ ಮೊದಲಾಯಿತು ಎಂದು ಗೆರೆಯೆಳೆಯಲು ನನಗೆ ಆಗಲಿಲ್ಲ.

ಇಷ್ಟು ಮೆಚ್ಚಿದ ಮೇಲೆ ಲೋಪಗಳನ್ನೂ ಹೇಳಲೇಬೇಕು, ಇಲ್ಲವಾದರೆ ಮೇಷ್ಟರು ಮತ್ತೆ ದಾರಿಯಲ್ಲಿ ಸಿಕ್ಕಾರು. ಸ್ಟುವರ್ಟ್‌ಗೆ ಹಾಡಿನ ಮೇಲೆ ಸಾಕಷ್ಟು ನಂಬಿಕೆಯಿಲ್ಲ. ಸ್ಟೇಪಲ್ ಸಿಂಗರ್ಸ್ ಕುಟುಂಬ ಹದಕ್ಕೆ ಬರುತ್ತಿದ್ದಂತೆ ಕ್ಯಾಮೆರಾ ಬೀದಿಗೆ ಓಡುತ್ತದೆ. ಕ್ಷೌರದಂಗಡಿಯ ಹರಟೆ, ರಿಚರ್ಡ್ ಪ್ರಯರ್‌ನ ವಿನೋದ. ಪ್ರಯರ್ ಅಸಾಮಾನ್ಯ ನಟನೆಂಬುದು ನಿಜ, ಆದರೂ ಊಟದ ನಡುವೆ ಎಲೆ ಎಳೆದಂತಾಗುತ್ತದೆ. ಇದಕ್ಕಿಂತ ದೊಡ್ಡ ದೋಷ ಐಸಾಕ್ ಹೇಸ್‌ನದು. ಚಿನ್ನದ ಸರಪಣಿಗಳನ್ನೇ ಅಂಗಿಯಾಗಿ ಧರಿಸಿ ಆತ ಕಡೆಯಲ್ಲಿ ಬಂದು, ಆ ವರ್ಷ ಆಸ್ಕರ್ ಪಡೆದಿದ್ದ ತನ್ನ ‘ಷ್ಯಾಫ್ಟ್’ ಗೀತೆಯನ್ನು ಹಾಡಿದ್ದ. ಅದರ ಹಕ್ಕು ಬೇರೊಂದು ಚಿತ್ರಸಂಸ್ಥೆಯದು. ಆದ್ದರಿಂದ 1973ರ ಚಿತ್ರದಲ್ಲಿ ಅದನ್ನು ತೆಗೆದು, ಆಮೇಲೆ ಬೇರೆಯಾಗಿ ಚಿತ್ರೀಕರಿಸಿದ ಮತ್ತೊಂದು ಹಾಡನ್ನು, ಅಲ್ಲಿಯೇ ನಡೆದದ್ದೆಂಬಂತೆ ಜೋಡಿಸಿದರು. ನಿಜವಾದ ಹಾಡು ಮರಳಿದ್ದು 2003ರ ಪರಿಷ್ಕೃತ ಪ್ರತಿಯಲ್ಲಿ. ಕಚೇರಿಯ ಹೆಸರಿನಲ್ಲಿ ಮಾರಿದ ಪ್ಲೇಟುಗಳಲ್ಲಿಯೂ ಕೆಲವು ಹಾಡು ಸ್ಟುಡಿಯೋದಲ್ಲಿ ಹಾಡಿ ಚಪ್ಪಾಳೆ ಬೆರೆಸಿದವು. ಒಳ್ಳೆಯ ಕೆಲಸಕ್ಕಾಗಿ ಹೇಳಿದ ಸಣ್ಣ ಸುಳ್ಳು! ನನ್ನ ‘ನಾದಾಮೃತ’ವೂ ಅದೇ ಜಾತಿಯದು, ನಾನು ಹೆಚ್ಚು ಗಟ್ಟಿಯಾಗಿ ಮಾತನಾಡುವಂತಿಲ್ಲ.

ಕಚೇರಿಯ ಹಣ ಆಸ್ಪತ್ರೆಗೂ ಉತ್ಸವಕ್ಕೂ ಹೋಯಿತು. ಹಾಡಿಸಿದ ಸ್ಟ್ಯಾಕ್ಸ್‌ನ ಗತಿ ಏನಾಯಿತು? ಮೂರೇ ವರ್ಷದಲ್ಲಿ, 1975ರ ಡಿಸೆಂಬರಿನಲ್ಲಿ, ಅದು ದಿವಾಳಿಯೆದ್ದಿತು. ಆ ಸಂಸ್ಥೆಯ ಕಥೆಯನ್ನು ಬಲ್ಲವರಿಗೆ ಇದು ಒಂದು ಕಂಪನಿ ಮುಚ್ಚಿದ ಸುದ್ದಿಯಲ್ಲ, ಒಂದು ಶಾಲೆ ಮುಚ್ಚಿದ ಸುದ್ದಿ. ಬ್ಯಾಂಕಿನ ಗುಮಾಸ್ತ ಜಿಮ್ ಸ್ಟ್ಯೂವರ್ಟ್, ಅವನ ಅಕ್ಕ ಎಸ್ಟೆಲ್ ಆಕ್ಸ್ಟನ್, ಇಬ್ಬರೂ ಬಿಳಿಯರು. ಇವರ ಹೆಸರಿನ ತುಣುಕು ಸೇರಿಯೇ ‘ಸ್ಟ್ಯಾಕ್ಸ್’. ಮುದ್ರಣಯಂತ್ರ ಕೊಳ್ಳಲು ಅಕ್ಕ ತನ್ನ ಮನೆಯನ್ನು ಅಡವಿಟ್ಟಳು. 1960ರಲ್ಲಿ ಮೆಂಫಿಸಿನ ಮ್ಯಾಕ್ಲೆಮೋರ್ ರಸ್ತೆಯಲ್ಲಿ, ಮುಚ್ಚಿಹೋಗಿದ್ದ ಒಂದು ಸಿನಿಮಾ ಮಂದಿರವನ್ನು ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಿದರು. ಇಳಿಜಾರು ನೆಲವನ್ನು ಸಮ ಮಾಡಲು ದುಡ್ಡಿರಲಿಲ್ಲ. ಅದೇ ನೆಲದ ಮೇಲೆ ನುಡಿಸಿದರು. ತಿಂಡಿ ಮಾರುತ್ತಿದ್ದ ಮುಂಗಟ್ಟೆಯಲ್ಲಿ ಎಸ್ಟೆಲ್ ಪ್ಲೇಟಿನ ಅಂಗಡಿ ಇಟ್ಟಳು. ಕೇರಿಯ ಹುಡುಗರು ಅಲ್ಲಿ ಜಮಾಯಿಸುತ್ತಿದ್ದರು. ಯಾವ ಹಾಡು ಚೆನ್ನ, ಏಕೆ ಚೆನ್ನ ಎಂದು ಆಕೆ ಅವರನ್ನೇ ಕೇಳುವಳು. ಉತ್ತರ ಪಕ್ಕದ ಸ್ಟುಡಿಯೋಗೆ ತಲಪುವುದು. ಆ ಹುಡುಗರಲ್ಲಿ ಒಬ್ಬನಾದ ಬುಕರ್ ಟಿ. ಜೋನ್ಸ್ 1962ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ‘ಗ್ರೀನ್ ಆನಿಯನ್ಸ್’ ನುಡಿಸಿದ. ಎದುರಿನ ದಿನಸಿ ಅಂಗಡಿಯ ಹುಡುಗ ಡೇವಿಡ್ ಪೋರ್ಟರ್ ಮುಂದೆ ಹೇಸ್ ಜೊತೆಗೂಡಿ ಹಾಡುಗಳನ್ನು ಕಟ್ಟಿದ. ಫೀಸು ಇಲ್ಲ, ಪರೀಕ್ಷೆ ಇಲ್ಲ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲವೆನ್ನುವ ಧೈರ್ಯ ಮಾತ್ರ ಬೇಕು.

ಆ ಮಂದಿರವನ್ನು 1989ರಲ್ಲಿ ಕೆಡವಿದರು. ಹತ್ತು ವರ್ಷಕ್ಕೂ ಮೇಲೆ ಅಲ್ಲಿ ಬರಿಯ ಬಯಲಿತ್ತು. ಆಮೇಲೆ ಊರಿನವರು ಎಚ್ಚೆತ್ತರು. 2000ದಲ್ಲಿ ಆ ಕೇರಿಯ ಮಕ್ಕಳಿಗಾಗಿ ಸ್ಟ್ಯಾಕ್ಸ್ ಮ್ಯೂಸಿಕ್ ಅಕಾಡೆಮಿ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಹಾಡುಗಾರಿಕೆ, ವಾದ್ಯ ಕಲಿಯುತ್ತಾರೆ. 2003ರಲ್ಲಿ ಹಳೆಯ ನಿವೇಶನದ ಮೇಲೆ ವಸ್ತುಸಂಗ್ರಹಾಲಯವೂ ಎದ್ದಿತು. ಇಳಿಜಾರು ನೆಲವನ್ನು ಈ ಸಲ ದುಡ್ಡು ಕೊಟ್ಟು ಮಾಡಿಸಿದರು.

ಆ ನೆಲದ ಸುದ್ದಿ ಓದಿದಾಗ ನನಗೆ ಅಳುಕಾಯಿತು. ದಾರಿದ್ರ್ಯದಿಂದ ಬಂದ ಓರೆಯನ್ನು ಶ್ರದ್ಧೆಯಿಂದ ನಕಲು ಮಾಡುವವರು ಹಾಡನ್ನೂ ಹಾಗೆಯೇ ಕಲಿಸುತ್ತಾರೇನೋ! ಅಕಾಡೆಮಿಯ ಮಕ್ಕಳ ಹಾಡುಗಾರಿಕೆಯನ್ನು ಮುದ್ರಿಕೆಗಳಲ್ಲಿ ಕೇಳಿದೆ. ಅಳುಕು ಪೂರ್ತಿ ಹೋಗಲಿಲ್ಲವೆಂದೇ ಹೇಳಬೇಕು. ತುತ್ತೂರಿಗಳು ಬಲು ಅಚ್ಚುಕಟ್ಟು. ತಾಳದ ಪೆಟ್ಟು ಗಡಿಯಾರದಂತೆ ಸರಿಯಾಗಿ ಬೀಳುತ್ತದೆ; ಹಳಬರಲ್ಲಿದ್ದ ಆ ಕೂದಲೆಳೆಯ ತಡ ಎಷ್ಟೋ ಕಡೆ ಇಲ್ಲ. ಉಡುಪೂ ಹೆಜ್ಜೆಯೂ 1972ರವು. ಮಕ್ಕಳೆಂದು, ಸಹಾಯದಿಂದ ನಡೆಯುವ ಶಾಲೆಯೆಂದು ಇದನ್ನು ನುಂಗಿಕೊಂಡರೆ ನಾನು ಮತ್ತೆ ಹಳೆಯ ತಪ್ಪನ್ನೇ ಮಾಡಿದಂತಾಗುತ್ತದೆ.

ಒಂದು ಕಡೆ ಮಾತ್ರ ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟೆ. ಸ್ಟೇಪಲ್ ಕುಟುಂಬದ ಒಂದು ಹಾಡು; ಹಾಡುತ್ತಿದ್ದವಳು ಹದಿನಾರೋ ಹದಿನೇಳೋ ವಯಸ್ಸಿನ ಹುಡುಗಿ. ಪಲ್ಲವಿಯನ್ನು ಮೂರನೆಯ ಸಲ ಎತ್ತಿಕೊಳ್ಳುವಾಗ ಅವಳು ಕ್ಷಣ ಹಿಂದೆ ಬಿದ್ದಳು. ಮರೆತು ಹಿಂದೆ ಬಿದ್ದಳೋ, ಬೇಕೆಂದೇ ತಡೆದಳೋ ತಿಳಿಯಲಿಲ್ಲ. ಪಕ್ಕದಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ ಬೆಚ್ಚಿ ತಲೆಯೆತ್ತಿ ಅವಳತ್ತ ನೋಡಿದ, ಮುಂದಿನ ಪೆಟ್ಟನ್ನು ತಾನೂ ಅಷ್ಟೇ ತಡಮಾಡಿ ಹೊಡೆದ. ಆ ಭಾಗವನ್ನು ನಾನು ನಾಲ್ಕು ಸಲ ಹಾಕಿಕೊಂಡು ಕೇಳಿದೆ.