ರಾಜಮ್ ಬರೆಯದ ಪ್ರಬಂಧ



ಹೋದ ಸಲ ಸೇರಿದಾಗ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಗ್ಗೆ ಶುರುವಾದ ಮಾತು ಐದೇ ನಿಮಿಷದಲ್ಲಿ ಶಂಕರ್‌ನಾಗ್, ಆಗುಂಬೆ, ಮಾಸ್ಟರ್ ಮಂಜುನಾಥ್ ಕಡೆಗೆ ಹೊರಳಿದ್ದು ನಿಮಗೆಲ್ಲ ನೆನಪಿರಬಹುದು. ಪುಸ್ತಕ ಮೇಜಿನ ಮೇಲೇ ಉಳಿಯಿತು. ನಾವು 'ಮಾಲ್ಗುಡಿ ಡೇಸ್' ಧಾರಾವಾಹಿಯ ಸಂಗೀತ ಗುನುಗುತ್ತ, ಕಾಫಿ ಕುಡಿದು, ಶಿಕಾಗೋದ ಆ ಚಳಿಯಲ್ಲಿ ಕಾರಿನ ಗಾಜು ಕೆರೆದುಕೊಂಡು ಮನೆಗೆ ಹೋದೆವು. ತಪ್ಪೇನೂ ಇಲ್ಲ. 1980ರ ದಶಕದಲ್ಲಿ ದೂರದರ್ಶನದ ಮುಂದೆ ಕೂತು ಬೆಳೆದವರಿಗೆ ಸ್ವಾಮಿ ಎಂದರೆ ಮೊದಲು ಒಂದು ಮುಖ, ಆಮೇಲೆ ಪುಸ್ತಕ. ಆದರೆ ಅವತ್ತು ಹೇಳಬೇಕು ಅಂದುಕೊಂಡಿದ್ದ ಮಾತು ನನ್ನಲ್ಲೇ ಉಳಿದುಬಿಟ್ಟಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬರೆಯಲು ನೆಪ ಮಾತ್ರ ಬೇರೆಯದು. ಪರಿಚಯದವರೊಬ್ಬರ ಮಗ ಎಂಬಿಎಗೆ ಅರ್ಜಿ ಹಾಕುತ್ತಿದ್ದಾನೆ. ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ಕೆಲಸ ಮಾಡಿದ ಜಾಣ ಹುಡುಗ. "ಅಂಕಲ್, ಎಸ್ಸೇ ಒಂದು ಸಲ ನೋಡಿಕೊಡ್ತೀರಾ?" ಎಂದು ಕಳಿಸಿದ. ಸ್ವಾಮಿಯ ಪುಸ್ತಕ ಮತ್ತು ಆ ಪ್ರಬಂಧ ಎರಡನ್ನೂ ಒಂದೇ ವಾರಾಂತ್ಯದಲ್ಲಿ ಓದಿದೆ. ಹಾಗೆ ಓದಬಾರದಿತ್ತೇನೋ.

ಎಂಬಿಎ ಪ್ರಬಂಧ ಎನ್ನುವುದು ನಾವು ಯಾರೂ ವಿಮರ್ಶೆ ಬರೆಯದ ಒಂದು ಸಾಹಿತ್ಯ ಪ್ರಕಾರ ಎಂದು ನನ್ನ ಗಟ್ಟಿ ಅಭಿಪ್ರಾಯ. ನಗಬೇಡಿ. ಅಷ್ಟಾದಶ ವರ್ಣನೆಗಳಿಲ್ಲದೆ ಮಹಾಕಾವ್ಯವಿಲ್ಲ ಎನ್ನುತ್ತಿದ್ದ ಹಾಗೆ ಇದಕ್ಕೂ ಲಕ್ಷಣಗ್ರಂಥಗಳಿವೆ, ಅವನ್ನು ಹೇಳಿಕೊಡುವ ಸಲಹೆಗಾರರಿದ್ದಾರೆ, ಅವರಿಗೆ ಡಾಲರಿನಲ್ಲಿ ಸಂಭಾವನೆ ಇದೆ. ನಾಯಕತ್ವ ಬರಬೇಕು. ಒಂದು ಸೋಲು ಬರಬೇಕು, ಆದರೆ ತೀರಾ ದೊಡ್ಡದಲ್ಲ. ಸೋಲಿನಿಂದ ಕಲಿತದ್ದು ಬರಬೇಕು. ಸ್ಟ್ಯಾನ್‌ಫರ್ಡಿನ ಬಿಸಿನೆಸ್ ಸ್ಕೂಲು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ಪ್ರಸಿದ್ಧ ಪ್ರಶ್ನೆಯೊಂದಿದೆ: ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ? ಒಳ್ಳೆಯ ಪ್ರಶ್ನೆ. ಉಪನಿಷತ್ತಿನಲ್ಲಿ ಯಾರಾದರೂ ಶಿಷ್ಯ ಕೇಳಬಹುದಾದದ್ದು. ಆದರೆ ಉತ್ತರವನ್ನು ಇಷ್ಟೇ ಪದಗಳಲ್ಲಿ, ಇಷ್ಟನೇ ತಾರೀಕಿನೊಳಗೆ, ಸೀಟು ಸಿಗುವ ಹಾಗೆ ಬರೆಯಬೇಕು.

ಈ ಪ್ರಕಾರದಲ್ಲಿ ಬಾಲ್ಯದ ಗೆಳೆಯನಿಗೆ ಒಂದು ಖಾಯಂ ಪಾತ್ರವಿದೆ. ಅವನು ಊರಿನಲ್ಲೇ ಉಳಿದವನು. ಅವನಿಂದ ನಾಯಕ ಏನೋ ಒಂದನ್ನು ಕಲಿಯುತ್ತಾನೆ, ಅಥವಾ ಅವನಿಗೆ ಏನೋ ಒಂದನ್ನು ಕಲಿಸುತ್ತಾನೆ. ಎರಡನೆಯ ಪ್ಯಾರಾದಲ್ಲಿ ಅವನ ಕೆಲಸ ಮುಗಿಯುತ್ತದೆ. ಹುಡುಗನ ಕರಡಿನಲ್ಲೂ ಅಂಥವನೊಬ್ಬನಿದ್ದ.

ಈಗ ಪುಸ್ತಕಕ್ಕೆ ಬರುತ್ತೇನೆ. 1935ರಲ್ಲಿ, ಗ್ರಹಾಂ ಗ್ರೀನ್ ಅವರ ಒತ್ತಾಸೆಯಿಂದ ಲಂಡನ್ನಿನಲ್ಲಿ ಅಚ್ಚಾದ ಕಾದಂಬರಿ. ಬರೆದವರು ಮೈಸೂರಿನವರೇ ಆಗಿಹೋದ ನಾರಾಯಣರು, ಹೆಡ್‌ಮಾಸ್ಟರರ ಮಗ, ಆದರೂ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಫೇಲಾದವರು. ಇದು ಮುಗ್ಧ ಬಾಲ್ಯದ ಕಥೆ ಎಂದು ನಾವೆಲ್ಲ ಹೇಳುತ್ತೇವೆ. ನನಗೆ ಹಾಗೆ ಕಾಣಲಿಲ್ಲ. ಮೊದಲಿಂದ ಕೊನೆಯವರೆಗೆ ಇದು ಗೆಳೆಯರನ್ನು ಕಳೆದುಕೊಳ್ಳುವ ಲೆಕ್ಕ. ಸೋಮು ಫೇಲಾಗಿ ಹಿಂದಿನ ಕ್ಲಾಸಿನಲ್ಲೇ ಉಳಿಯುತ್ತಾನೆ. ಅಲ್ಲಿಗೆ ಅವನು ಗುಂಪಿನವನಲ್ಲ. ಶಂಕರನ ಅಪ್ಪನಿಗೆ ವರ್ಗವಾಗುತ್ತದೆ. ಇವನ್ನು ನಾರಾಯಣರು ಕಣ್ಣೀರಿಲ್ಲದೆ, ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕಿದಷ್ಟು ಸಲೀಸಾಗಿ ಹೇಳಿ ಮುಂದೆ ಹೋಗುತ್ತಾರೆ. ಅಷ್ಟು ಸಲೀಸು ಅನ್ನುವುದೇ ಭಯ ಹುಟ್ಟಿಸುತ್ತದೆ. ಯಾಕೆಂದರೆ ಮುಂದೆ ಬರುವ ರಾಜಮ್‌ನ ಸರದಿ ಹೀಗೆ ಸಲೀಸಾಗಿ ಆಗುವುದಿಲ್ಲ.

ರಾಜಮ್ ಪೊಲೀಸ್ ಡೆಪ್ಯುಟಿ ಸೂಪರಿಂಟೆಂಡೆಂಟರ ಮಗ. ಒಳ್ಳೆಯ ಇಂಗ್ಲಿಷು, ಒಳ್ಳೆಯ ಬಟ್ಟೆ, ಮನೆಯಲ್ಲಿ ಆಳುಕಾಳು. ಜಗಳವಾಡಿದ ಗೆಳೆಯರನ್ನು ಮನೆಗೆ ಕರೆಸಿ ರಾಜಿ ಮಾಡಿಸುತ್ತಾನೆ. ಕ್ರಿಕೆಟ್ ತಂಡ ಕಟ್ಟುತ್ತಾನೆ. ಅದಕ್ಕೆ ಎಂ.ಸಿ.ಸಿ. ಎಂದು ಹೆಸರಿಡುತ್ತಾರೆ, ಮೆರಿಲಿಬೋನ್ ಬದಲು ಮಾಲ್ಗುಡಿ ಅಷ್ಟೇ. ಬ್ಯಾಟುಗಳಿಗಾಗಿ ಮದರಾಸಿನ ಅಂಗಡಿಗೆ ಕಾಗದ ಬರೆಯುತ್ತಾರೆ. ಶೇಕಡ 25 ಮುಂಗಡ ಕಳಿಸಿ ಎಂದು ಅಂಗಡಿಯವರ ಉತ್ತರ ಬಂದಾಗ, ಇದು ಬೇರೆ ಯಾರಿಗೋ ಬರೆದ ಕಾಗದ ತಪ್ಪಿ ಬಂದಿರಬೇಕು ಎಂದು ತೀರ್ಮಾನಿಸುತ್ತಾರೆ! ವ್ಯಾಪಾರದ ಬಗ್ಗೆ ಇಷ್ಟು ಚೆನ್ನಾಗಿ ನಗಿಸುವ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ.

ನನಗೆ ಥಟ್ಟನೆ ಹೊಳೆದದ್ದು ಇದು. ಆ ಗುಂಪಿನಲ್ಲಿ ಬಿಸಿನೆಸ್ ಸ್ಕೂಲಿಗೆ ಹೋಗುವವನು ಯಾರು? ಸಂಶಯವೇ ಇಲ್ಲ, ರಾಜಮ್. ಅವನ ಪ್ರಬಂಧ ಆಗಲೇ ಸಿದ್ಧವಾಗಿದೆ: ಶೂನ್ಯದಿಂದ ತಂಡ ಕಟ್ಟಿದೆ, ಸಂಪನ್ಮೂಲ ಹೊಂದಿಸಿದೆ, ಭಿನ್ನಮತ ಶಮನ ಮಾಡಿದೆ, ಮುಖ್ಯವಾದ ಪಂದ್ಯದ ದಿನ ನನ್ನ ಒಬ್ಬ ಬೌಲರ್ ಹೇಳದೆ ಕೇಳದೆ ನಾಪತ್ತೆಯಾದ, ನಾವು ಸೋತೆವು, ಜವಾಬ್ದಾರಿ ಎಂದರೇನು ಎಂದು ಅವತ್ತು ಕಲಿತೆ. ಒಂದು ಅಕ್ಷರವೂ ಸುಳ್ಳಲ್ಲ. ಸೀಟು ಗ್ಯಾರಂಟಿ.

ನಾರಾಯಣರು ಈ ಕಥೆಯನ್ನು ರಾಜಮ್ ಕೈಗೆ ಕೊಡದೆ ಬೌಲರನ ಕೈಗೆ ಕೊಟ್ಟರು. ಕಾದಂಬರಿಯ ಇಡೀ ಗುಟ್ಟು ಅದರಲ್ಲಿದೆ ಎಂದು ನನಗನ್ನಿಸುತ್ತದೆ. ಸ್ವಾಮಿ ನಾಪತ್ತೆಯಾದದ್ದು ಯಾಕೆ? ರಾಜಮ್‌ನ ತಂಡಕ್ಕಾಗಿ ಅಭ್ಯಾಸ ಮಾಡಲು ಡ್ರಿಲ್ ಕ್ಲಾಸಿಗೆ ಚಕ್ಕರ್ ಹೊಡೆದ. ಹೆಡ್‌ಮಾಸ್ಟರು ಬೆತ್ತ ಎತ್ತಿದರು. ಅದನ್ನು ಕಿತ್ತು ಕಿಟಕಿಯಿಂದ ಆಚೆ ಎಸೆದು ಓಡಿದವನು ಊರನ್ನೇ ಬಿಟ್ಟ. ಅಂದರೆ ಅವನ ಬೇಜವಾಬ್ದಾರಿಯ ಬುಡದಲ್ಲಿ ಇದ್ದದ್ದು ತಂಡದ ಮೇಲಿನ ಪ್ರೀತಿಯೇ. ಇದು ರಾಜಮ್‌ಗೆ ಗೊತ್ತಾಗುವುದಿಲ್ಲ. ಪ್ರಬಂಧದಲ್ಲಿ ಇದಕ್ಕೆ ಜಾಗವೂ ಇಲ್ಲ. (ಸ್ವಾಮಿ ಕಾಡುದಾರಿಯಲ್ಲಿ ಕಂಗೆಟ್ಟು, ಗಾಡಿಯವನ ಕಣ್ಣಿಗೆ ಬಿದ್ದು, ಅರಣ್ಯಾಧಿಕಾರಿಯ ಬಂಗಲೆ ಸೇರುವ ಭಾಗ ಮಾತ್ರ ನನಗೆ ಸ್ವಲ್ಪ ಸಡಿಲ ಅನ್ನಿಸಿತು. ಲೇಖಕರಿಗೆ ಹುಡುಗನನ್ನು ಬೇಗ ಮನೆ ಸೇರಿಸುವ ಆತುರ.)

ಕೊನೆಯ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ರಾಜಮ್‌ನ ಅಪ್ಪನಿಗೆ ತಿರುಚಿನಾಪಳ್ಳಿಗೆ ವರ್ಗ. ಅಷ್ಟು ದಿನ ಮಾತು ಬಿಟ್ಟಿರುವ ಗೆಳೆಯ ಬೆಳಗಿನ ರೈಲಿಗೆ ಹೊರಡುತ್ತಿದ್ದಾನೆ. ಸ್ವಾಮಿ ತನ್ನ ಹತ್ತಿರವಿದ್ದ ಆಂಡರ್‌ಸನ್ನನ ಕಿನ್ನರ ಕಥೆಗಳ ಪುಸ್ತಕ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ. ಕೊಡಲು ಧೈರ್ಯವಿಲ್ಲ. ರೈಲು ಚಲಿಸುವಾಗ ಮಣಿ ಓಡಿಹೋಗಿ ಅದನ್ನು ಕಿಟಕಿಯೊಳಗೆ ತಲುಪಿಸುತ್ತಾನೆ. ರಾಜಮ್ ಏನೋ ಅನ್ನುತ್ತಾನೆ. ರೈಲಿನ ಸದ್ದಿನಲ್ಲಿ ಸ್ವಾಮಿಗೆ ಕೇಳುವುದಿಲ್ಲ. ಕಾಗದ ಬರೆಯುತ್ತಾನಂತೆ ಎಂದು ಮಣಿ ಹೇಳುತ್ತಾನೆ. ನನ್ನ ವಿಳಾಸ ಅವನ ಹತ್ತಿರ ಇಲ್ಲವಲ್ಲ ಎಂದು ಸ್ವಾಮಿಗೆ ಚಿಂತೆ. ಮಣಿ ನಿಜ ಹೇಳುತ್ತಿದ್ದಾನೋ, ಸಮಾಧಾನಕ್ಕೆ ಹೇಳುತ್ತಿದ್ದಾನೋ ನಾರಾಯಣರು ಬಿಟ್ಟುಕೊಡುವುದಿಲ್ಲ. ಸ್ವಾಮಿ ಇದರಿಂದ ಏನನ್ನೂ ಕಲಿಯುವುದಿಲ್ಲ. ನಿಂತಿರುತ್ತಾನೆ, ಅಷ್ಟೇ.

ಇದರ ಪಕ್ಕದಲ್ಲಿ ನಮ್ಮ ಕಾಲದ ಕಥೆಗಳನ್ನಿಟ್ಟು ನೋಡಿ. 2009ರ 'ತ್ರೀ ಈಡಿಯಟ್ಸ್' ನನಗೂ ಇಷ್ಟವಾದ ಸಿನಿಮಾವೇ. ಅಲ್ಲೂ ಕಳೆದುಹೋದ ಗೆಳೆಯನ ಹುಡುಕಾಟ. ಆದರೆ ಸಿಕ್ಕಾಗ ಅವನು ನೂರಾರು ಪೇಟೆಂಟುಗಳ ಒಡೆಯನಾಗಿಯೇ ಸಿಗಬೇಕು! ಹಳ್ಳಿಶಾಲೆಯ ಮೇಷ್ಟರಾಗಿ ಮಾತ್ರ ಸಿಕ್ಕಿದ್ದರೆ ಹುಡುಕಿದ್ದು ದಂಡ ಎಂಬಂತೆ. ಅದೇ ವರ್ಷ ಬಂದ ಚೇತನ್ ಭಗತರ 'ಟೂ ಸ್ಟೇಟ್ಸ್' ಅಹಮದಾಬಾದಿನ ಐಐಎಂನಲ್ಲಿ ಶುರುವಾಗುತ್ತದೆ, ಆದರೆ ಅಲ್ಲಿಗೆ ಬರುವ ಮುನ್ನ ಯಾರನ್ನು ಬಿಟ್ಟು ಬಂದೆವು ಎನ್ನುವುದು ಅದರ ಚಿಂತೆಯಲ್ಲ.

ನಾನು ಇಷ್ಟು ಖಾರವಾಗಿ ಬರೆಯಲು ಕಾರಣ ಹೇಳಿಬಿಡುತ್ತೇನೆ. 2002ರಲ್ಲಿ ನಾನೂ ಅಂಥದೊಂದು ಪ್ರಬಂಧ ಬರೆದೆ. (ಆಗ ಜಿಮ್ಯಾಟ್ 800 ಅಂಕಗಳಿಗೆ ಇತ್ತು. ಈಗಿನ ಹೊಸ ಪರೀಕ್ಷೆಯಲ್ಲಿ ಗರಿಷ್ಠ 805. ಆ ಐದು ಅಂಕ ಎಲ್ಲಿಂದ ಬಂತೋ!) ಅರಸೀಕೆರೆಯಲ್ಲಿ ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನ ಬಗ್ಗೆ ಬರೆದೆ. ಅಪ್ಪ ತೀರಿಕೊಂಡ ಮೇಲೆ ಅವನು ಶಾಲೆ ಬಿಟ್ಟು ಸೈಕಲ್ ಶಾಪಿನಲ್ಲಿ ಕೂತ. ಲೆಕ್ಕದಲ್ಲಿ ಹಿಂದಿದ್ದ ಗೆಳೆಯನಿಗೆ ಸಂಜೆ ಸಂಜೆ ಪಾಠ ಹೇಳಿಕೊಟ್ಟೆ, ಬೇರೆಯವರನ್ನು ಬೆಳೆಸುವುದರಲ್ಲಿರುವ ಸುಖ ಅಲ್ಲಿ ಗೊತ್ತಾಯಿತು ಎಂದೆಲ್ಲ ಬರೆದೆ. ಸೀಟು ಸಿಕ್ಕಿತು.

ನಿಜ ಏನೆಂದರೆ, ಲೆಕ್ಕದಲ್ಲಿ ಹಿಂದಿದ್ದವನು ನಾನು. ಭಿನ್ನರಾಶಿಯನ್ನು ಅವನು ನನಗೆ ಹೇಳಿಕೊಟ್ಟದ್ದು ಶಾಪಿನ ಮುಂದೆ, ಹಳೇ ಟೈರಿನ ಮೇಲೆ ಕೂತು, ನೆಲದಲ್ಲಿ ಸ್ಪೋಕಿನಿಂದ ಗೆರೆ ಎಳೆದು. ಇಬ್ಬರ ಜಾಗ ಅದಲುಬದಲು ಮಾಡಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಪ್ರಕಾರವೇ ಹಾಗೆ ಕೇಳುತ್ತಿತ್ತು ಎಂದು ಆಗ ಸಮಾಧಾನ ಮಾಡಿಕೊಂಡೆ. ಅಮೆರಿಕಕ್ಕೆ ಹೊರಡುವ ದಿನವನ್ನೂ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಸ್ಟೇಷನ್ನಿಗೆ ಬರುತ್ತಿದ್ದ. ಅವನ ಮನೆಯಿಂದ ಸ್ಟೇಷನ್ನು ಹತ್ತು ನಿಮಿಷದ ದಾರಿ.

ಹಾಗಾಗಿ ಕೊನೆಯ ಅಧ್ಯಾಯ ಓದುವಾಗ ನಾನು ಸ್ವಾಮಿಯ ಜೊತೆ ಪ್ಲಾಟ್‌ಫಾರಮ್ಮಿನಲ್ಲಿ ನಿಲ್ಲಲಾರೆ. ನಾವು ಬಹಳ ಜನ ಅವನ ಜೊತೆ ನಿಂತು ಕಣ್ಣೊರೆಸಿಕೊಳ್ಳುತ್ತೇವೆ, ಆದರೆ ಊರು ಬಿಟ್ಟು ಬಂದ ನಮ್ಮ ಸೀಟು ಇರುವುದು ರೈಲಿನೊಳಗೆ, ರಾಜಮ್ ಪಕ್ಕದಲ್ಲಿ. ಕಿಟಕಿಯಿಂದ ಅವನು ಅಂದದ್ದೇನು ಎಂದು ಈ ವಯಸ್ಸಿನಲ್ಲಿ ನನಗೆ ಕುತೂಹಲ.

ಹುಡುಗನಿಗೆ ಫೋನ್ ಮಾಡಿ, ಎರಡನೇ ಪ್ಯಾರಾದ ಆ ಗೆಳೆಯ ಈಗೆಲ್ಲಿದ್ದಾನಪ್ಪ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಅಂಕಲ್, ಇನ್‌ಸ್ಟಾದಲ್ಲಿ ಇರಬಹುದು" ಅಂದ. ಮೂರು ದಿನ ಬಿಟ್ಟು ಹೊಸ ಕರಡು ಬಂತು. ಗೆಳೆಯನಿರಲಿಲ್ಲ. ಪದಮಿತಿ ಮೀರುತ್ತಿತ್ತಂತೆ. ಪ್ರಬಂಧ ಮೊದಲಿಗಿಂತ ಬಿಗಿಯಾಗಿದೆ ಎಂದು ಬರೆದೆ; ಅದು ನಿಜವೂ ಹೌದು.

ಮುಂದಿನ ಭೇಟಿಗೆ ನಾರಾಯಣರದೇ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' (1937) ಇಟ್ಟುಕೊಳ್ಳೋಣವೇ? ಪದವಿ ಮುಗಿಸಿದ ಚಂದ್ರನ್ ಇಂಗ್ಲೆಂಡಿಗೆ ಹೋಗಿ ಡಾಕ್ಟರೇಟ್ ಮಾಡುವ ಕನಸು ಕಾಣುತ್ತಾನೆ, ಪ್ರೀತಿಯಲ್ಲಿ ಬೀಳುತ್ತಾನೆ, ಸಂನ್ಯಾಸಿ ವೇಷದಲ್ಲಿ ಅಲೆಯುತ್ತಾನೆ, ಕೊನೆಗೆ ಮಾಲ್ಗುಡಿಯಲ್ಲೇ ಪತ್ರಿಕೆಯ ಏಜೆಂಟಾಗಿ ಚಂದಾದಾರರನ್ನು ಹುಡುಕುತ್ತ ವ್ಯಾಪಾರ ಕಲಿಯುತ್ತಾನೆ. ಅವನ ಆಪ್ತ ಗೆಳೆಯ ರಾಮು ಊರು ಬಿಟ್ಟ ಮೇಲೆ ಕಾಗದಗಳಿಗೆ ಏನಾಗುತ್ತದೆ ಎನ್ನುವುದನ್ನು ಗಮನಿಸುತ್ತ ಓದಿ. ನನ್ನ ಹತ್ತಿರ ಎರಡು ಪ್ರತಿ ಇವೆ, ಬೇಕಾದವರು ಮೊದಲೇ ತಿಳಿಸಿ. ಈ ಸಲ ಶಂಕರ್‌ನಾಗ್ ವಿಷಯ ಕಾಫಿ ಆದಮೇಲೆ.