‘ಕ್ಯಾರಮೆಲೊ’ ಕಾದಂಬರಿಯ ಅಜ್ಜಿ

ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ನೆಲೆಸಿದ ಕುಟುಂಬಗಳ ಕಥೆಯನ್ನು ಹೇಳುವ ಗ್ರಂಥಗಳಲ್ಲಿ ಅಜ್ಜಿಯೊಬ್ಬಳು ಇದ್ದೇ ಇರುವಳು. ಆಕೆ ಸಾಮಾನ್ಯವಾಗಿ ಕ್ಷಮೆಯ ಮೂರ್ತಿ. ಮಕ್ಕಳಿಗಾಗಿ ಸರ್ವಸ್ವವನ್ನೂ ತೊರೆದವಳು. ಮಾತು ಕಡಮೆ, ಕಣ್ಣೀರು ಹೆಚ್ಚು. ಮೆಕ್ಸಿಕೋವಿನಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋದವರನ್ನು ಕುರಿತ ಬರೆವಣಿಗೆಯಲ್ಲಿಯೂ ಈ ಪದ್ಧತಿ ಬೇರೂರಿದೆ. ಪ್ಯಾಮ್ ಮುನ್ಯೋಸ್ ರಯನ್ ಅವರು 2000ರಲ್ಲಿ ಪ್ರಕಟಿಸಿದ ‘ಎಸ್ಪೆರಾಂಜಾ ರೈಸಿಂಗ್’ ಎಂಬ ಕಥೆಯಲ್ಲಿ ಅಜ್ಜಿಯು ತಾನು ತೊಡಗಿದ್ದ ನೂಲಿನ ಕಂಬಳಿಯನ್ನು ಮೊಮ್ಮಗಳ ಕೈಗಿತ್ತು ತಾನು ಹಿಂದೆ ಉಳಿಯುವಳು. ಮೊಮ್ಮಗಳು ಕ್ಯಾಲಿಫೋರ್ನಿಯದಲ್ಲಿ ಅದನ್ನು ಹೆಣೆದು ಬೆಳೆಸುವಳು. ಬಾಲಕರಿಗಾಗಿ ಬರೆದ ಕೃತಿಗೆ ಇದು ಒಪ್ಪುವ ರೀತಿ. ಆದರೆ ಇಂಥ ಅಜ್ಜಿಯಲ್ಲಿ ದೋಷಲೇಶವೂ ಇಲ್ಲದಿರುವುದರಿಂದ ಆಕೆಯ ತ್ಯಾಗವನ್ನು ಓದುಗನು ವಂದಿಸಿ ಮುಂದೆ ಸಾಗುವನೇ ಹೊರತು ಅದನ್ನು ಕುರಿತು ವಿಚಾರಮಾಡುವ ಪ್ರಸಂಗವೇ ಬಾರದು.

ಸಾಂಡ್ರಾ ಸಿಸ್ನೆರೋಸ್ ಅವರ ‘ಕ್ಯಾರಮೆಲೊ’ (2002) ಈ ಪದ್ಧತಿಯನ್ನು ಮುರಿದ ಕಾದಂಬರಿ. ಗ್ರಂಥಕರ್ತ್ರಿಯು 1954ರಲ್ಲಿ ಚಿಕಾಗೋ ನಗರದಲ್ಲಿ ಜನಿಸಿದವರು; ಆರು ಮಂದಿ ಸೋದರರ ನಡುವೆ ಒಬ್ಬಳೇ ಮಗಳಾಗಿ ಬೆಳೆದವರು. ಕಥೆಯನ್ನು ಹೇಳುವ ಸೆಲಾಯಾ ಎಂಬ ಹುಡುಗಿಯ ಸ್ಥಿತಿಯೂ ಅದೇ. ಅವಳ ತಂದೆ ಇನೊಸೆನ್ಸಿಯೊ ಕುರ್ಚಿ ಸೋಫಾಗಳಿಗೆ ಮೆತ್ತೆ ಹೊದಿಸುವ ಕಸುಬಿನವನು. ಪ್ರತಿ ಬೇಸಗೆಯಲ್ಲಿಯೂ ಬಂಧುವರ್ಗವೆಲ್ಲ ಮೋಟಾರುಗಳಲ್ಲಿ ತುಂಬಿಕೊಂಡು ಚಿಕಾಗೋವಿನಿಂದ ಮೆಕ್ಸಿಕೋ ನಗರದ ಅಜ್ಜಿಯ ಮನೆಗೆ ಹೊರಡುವುದು. ಆ ಅಜ್ಜಿಯನ್ನು ಮಕ್ಕಳು ಕರೆಯುವ ಹೆಸರು ‘ಘೋರ ಅಜ್ಜಿ’ ಎಂದೇ. ಹೆಸರು ಅನ್ವರ್ಥವಾದದ್ದು. ಆಕೆ ಹಟಮಾರಿ, ಕಟುಭಾಷಿಣಿ, ಜ್ಯೇಷ್ಠಪುತ್ರನಾದ ಇನೊಸೆನ್ಸಿಯೊವಿನಲ್ಲಿ ಅಂಧಪ್ರೀತಿಯುಳ್ಳವಳು, ಸೊಸೆ ಸೊಯ್ಲಾಳನ್ನು ಕಂಡರಾಗದವಳು.

ಇಂಥವಳ ತ್ಯಾಗವನ್ನು ಹೇಳುವುದು ಹೇಗೆ? ಪ್ರಥಮ ಭಾಗದಲ್ಲಿ ಅಜ್ಜಿಯ ಘೋರತ್ವವನ್ನೇ ಕಂಡ ಓದುಗನು ದ್ವಿತೀಯ ಭಾಗದಲ್ಲಿ ಆಕೆಯ ಬಾಲ್ಯಕ್ಕೆ ಹೋಗುವನು. ಆಕೆಯ ಹೆಸರು ಸೊಲೆದಾದ್. ಸ್ಪ್ಯಾನಿಷ್ ಭಾಷೆಯಲ್ಲಿ ಈ ಶಬ್ದಕ್ಕೆ ಒಂಟಿತನವೆಂದೇ ಅರ್ಥ. ಸಾನ್ ಲೂಯಿಸ್ ಪೊತೊಸಿ ಪ್ರಾಂತದ ಸಾಂತಾ ಮರಿಯಾ ದೆಲ್ ರಿಯೊ ಎಂಬ ಊರು ‘ರೆಬೋಸೊ’ ಎಂಬ ಹೊದೆವಸ್ತ್ರಕ್ಕೆ ಪ್ರಸಿದ್ಧವಾದದ್ದು. ನೂಲನ್ನು ಅಲ್ಲಲ್ಲಿ ಕಟ್ಟಿ ಬಣ್ಣದಲ್ಲಿ ಅದ್ದಿ ನೇಯ್ದು, ಅಂಚಿನ ಕುಚ್ಚನ್ನು ಬೆರಳುಗಳಿಂದಲೇ ಗಂಟಿಕ್ಕಿ ಹೆಣೆಯಬೇಕಾದ ಕೆಲಸ ಅದು. ಸೊಲೆದಾದಳ ತಾಯಿ ಆ ಕುಚ್ಚು ಹೆಣೆಯುವುದರಲ್ಲಿ ನಿಪುಣೆ. ಪಾಕಗೊಂಡ ಸಕ್ಕರೆಯ ಬಣ್ಣದ ಪಟ್ಟೆಗಳಿದ್ದ ಒಂದು ರೆಬೋಸೊ ಅರ್ಧವಾಗಿರುವಾಗಲೇ ಆಕೆ ತೀರಿಕೊಂಡಳು. ಉಳಿದ ಗಂಟುಗಳನ್ನು ಹಾಕಬಲ್ಲವರು ಯಾರೂ ಇರಲಿಲ್ಲ. ತಂದೆ ಮರುಮದುವೆಯಾದನು. ಹುಡುಗಿಯನ್ನು ಮೆಕ್ಸಿಕೋ ನಗರದ ಬಂಧುಗಳಲ್ಲಿಗೆ ಅಟ್ಟಲಾಯಿತು. ತಾಯಿಯಿಂದ ಅವಳಿಗೆ ದೊರೆತದ್ದು ಆ ಅಪೂರ್ಣ ವಸ್ತ್ರ ಮಾತ್ರ. ದುಃಖ ಬಂದಾಗ ಅದರ ಎಳೆಗಳನ್ನು ಹೆಣೆಯುವಳು, ಬಿಚ್ಚುವಳು. ಅನಂತರ ನಾರ್ಸಿಸೊ ರೇಯೆಸ್ ಎಂಬವನ ಮನೆಯಲ್ಲಿ ಅಡಿಗೆಮನೆಯ ಆಳಾಗಿ ಸೇರಿ, ಅವನಿಂದ ಗರ್ಭಿಣಿಯಾಗಿ, ಅವನ ತಂದೆಯ ನಿರ್ಬಂಧದಿಂದ ಅವನ ಹೆಂಡತಿಯಾದಳು. ಗಂಡನ ಮನಸ್ಸು ಮತ್ತೊಬ್ಬಳಲ್ಲಿತ್ತು. ಗಂಡನಲ್ಲಿ ನೆಲೆಗಾಣದ ಪ್ರೇಮವೆಲ್ಲವೂ ಹಿರಿಯ ಮಗನ ಕಡೆಗೆ ಹರಿಯಿತು.

ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವತ್ಸಲವನ್ನು ರಸವೆಂದು ಅಂಗೀಕರಿಸಿ, ಪುತ್ರಾದಿಗಳನ್ನು ಅದಕ್ಕೆ ಆಲಂಬನವೆಂದು ಹೇಳಿರುವುದು ಪಂಡಿತರಿಗೆ ವಿದಿತವೇ. ಆದರೆ ತಾಯಿಯ ವಾತ್ಸಲ್ಯಕ್ಕೆ ಪಾತ್ರನಾದ ಮಗನನ್ನು ಕೈಹಿಡಿದ ಸೊಸೆಯ ಗತಿಯೇನೆಂಬ ಪ್ರಶ್ನೆಯನ್ನು ನಮ್ಮ ಲಕ್ಷಣಕಾರರು ಎತ್ತಲಿಲ್ಲ. (ಎತ್ತಿದ್ದರೆ ಹಲವು ಕಾವ್ಯಗಳ ವ್ಯಾಖ್ಯಾನ ಬೇರೆಯಾಗುತ್ತಿತ್ತು.) ಇಲ್ಲಿ ವಾತ್ಸಲ್ಯವೇ ಕ್ರೌರ್ಯಕ್ಕೆ ಮೂಲ.

ಗಂಡ ಸತ್ತ ಬಳಿಕ ಅಜ್ಜಿಯು ಮೆಕ್ಸಿಕೋ ನಗರದ ಮನೆಯನ್ನು ಮಾರಿ ಮಕ್ಕಳಿರುವ ಉತ್ತರ ದೇಶಕ್ಕೆ ಹೊರಡುವಳು. ಅರಸಿಯಂತೆ ಮೆರೆದ ಮನೆಯನ್ನು ಬಿಟ್ಟು, ತಿಳಿಯದ ಭಾಷೆಯ ಊರಿನಲ್ಲಿ ಮಕ್ಕಳ ಆಶ್ರಯಕ್ಕೆ ಬರುವ ಈ ಘಟ್ಟವೇ ಕಥೆಯ ಮರ್ಮಸ್ಥಾನ. ದುರ್ದೈವದಿಂದ ಕವಯಿತ್ರಿ ಇದನ್ನು ತ್ವರೆಯಿಂದ ದಾಟಿಬಿಡುವರು. ಪ್ರವಾಸಗಳಿಗೂ ಹಬ್ಬಗಳಿಗೂ ಪುಟಗಳನ್ನು ಧಾರಾಳವಾಗಿ ಕೊಟ್ಟವರು ಪರದೇಶದ ಅಡಿಗೆಮನೆಯಲ್ಲಿ ಅಜ್ಜಿಗೆ ಕೆಲವೇ ಪುಟಗಳನ್ನು ಕೊಟ್ಟಿದ್ದಾರೆ. ಗ್ರಂಥದ ದೊಡ್ಡ ಕೊರತೆ ಇದೇ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುವುದು ನಿರೂಪಣೆಯ ಕ್ರಮ. ಮರಣಾನಂತರವೂ ಅಜ್ಜಿಗೆ ಗತಿಯಿಲ್ಲ. ಇಹಪರಗಳ ನಡುವೆ ಸಿಕ್ಕಿಕೊಂಡಿರುವಳು. ಮಗನಿಗೆ ಹೃದ್ರೋಗವುಂಟಾಗಿ ಆಸ್ಪತ್ರೆಯಲ್ಲಿ ಮಲಗಿರುವಾಗ ಅವನನ್ನು ತನ್ನೊಡನೆ ಕರೆದೊಯ್ಯಲು ಬರುವಳು. ಮೊಮ್ಮಗಳು ತಂದೆಯ ಪ್ರಾಣಕ್ಕಾಗಿ ಬೇಡುವಳು. ಆಗ ಒಪ್ಪಂದವಾಗುವುದು: ಅಜ್ಜಿಯ ಕಥೆಯನ್ನು ಮೊಮ್ಮಗಳು ಹೇಳಬೇಕು, ಜನರು ಅರಿತು ಕ್ಷಮಿಸಿದರೆ ಆಕೆಗೆ ಬಿಡುಗಡೆ. ದ್ವಿತೀಯ ಭಾಗದ ನಿರೂಪಣೆಯ ನಡುನಡುವೆ ಅಜ್ಜಿಯು ಬಾಯಿಹಾಕುವುದು ಈ ಕಾರಣದಿಂದಲೇ. ಹಾಗಲ್ಲ, ಹೀಗೆ ಎಂದು ತಿದ್ದುವಳು. ಪ್ರಣಯಪ್ರಸಂಗವನ್ನು ಇನ್ನಷ್ಟು ಚೆಂದಗೊಳಿಸೆಂದು ಕಾಡುವಳು. ಮೊಮ್ಮಗಳು ಸಿಡುಕಿ ಅವಳನ್ನು ಸುಮ್ಮನಿರಿಸುವಳು.

ಇದು ರಸಭಂಗವಲ್ಲವೇ ಎಂದು ಪೂರ್ವಪಕ್ಷ. ಕರುಣವು ಕುದುರುವ ಹೊತ್ತಿಗೆ ವಾಗ್ವಾದವೊಂದು ತಲೆಹಾಕಿದರೆ ಓದುಗನ ಚಿತ್ತವು ಚದುರದೆ ಇರದು. ಅಧ್ಯಾಯಗಳ ಕೊನೆಯಲ್ಲಿ ಮೆಕ್ಸಿಕೋವಿನ ಚರಿತ್ರೆಯನ್ನೂ ಹಾಡುಗಾರರ ವೃತ್ತಾಂತಗಳನ್ನೂ ಹೇಳುವ ಟಿಪ್ಪಣಿಗಳು ಬೇರೆ. ಅವುಗಳಲ್ಲಿ ಹಲವನ್ನು ಬಿಟ್ಟಿದ್ದರೆ ನಷ್ಟವಿರಲಿಲ್ಲ. ಆದರೆ ಅಜ್ಜಿಯ ಅಡ್ಡಮಾತುಗಳ ವಿಷಯದಲ್ಲಿ ಈ ಆಕ್ಷೇಪ ನಿಲ್ಲದು. ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ನಿರ್ಣಯ. ಹಿರಿಯರ ತ್ಯಾಗದಿಂದ ಬದುಕಿದವನು ಆ ತ್ಯಾಗವನ್ನು ತಾನೊಬ್ಬನೇ ವರ್ಣಿಸಿದರೆ ಅದು ಸಾಲಗಾರನೇ ಬರೆದುಕೊಂಡ ಲೆಕ್ಕದಂತಾಗುವುದು. ತನಗೆ ಬೇಕಾದಷ್ಟನ್ನು ಬರೆದು ಉಳಿದುದನ್ನು ಸ್ತೋತ್ರದಲ್ಲಿ ಮುಚ್ಚಿಬಿಡುವನು. ಇಲ್ಲಿ ಸಾಲ ಕೊಟ್ಟವಳೇ ಎದುರಿಗೆ ಕುಳಿತು ಲೆಕ್ಕವನ್ನು ನೋಡುತ್ತಿರುವಳು. ಅವಳ ಲೆಕ್ಕವೂ ಪೂರ್ತಿ ಸತ್ಯವಲ್ಲ, ಮೊಮ್ಮಗಳದೂ ಅಲ್ಲ. ಗ್ರಂಥದ ಉಪನಾಮವು ‘ಬರಿಯ ಕಥೆ’ ಎಂಬರ್ಥದ ಸ್ಪ್ಯಾನಿಷ್ ಮಾತಾಗಿರುವುದು ಈ ಕಾರಣದಿಂದ ಸಾರ್ಥಕವಾಗಿದೆ.

ಭಾಷೆಯ ವಿಷಯವಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಬರೆದ ಈ ಗ್ರಂಥದಲ್ಲಿ ಸ್ಪ್ಯಾನಿಷ್ ಪದಗಳು ಅರ್ಥವಿವರಣೆಯಿಲ್ಲದೆ ಬರುವುವು. ಕೆಲವೆಡೆ ಇಂಗ್ಲಿಷ್ ವಾಕ್ಯವೇ ಸ್ಪ್ಯಾನಿಷಿನ ನಡೆಯನ್ನು ಹಿಡಿಯುವುದು. ಅರಿಸಮಾಸವನ್ನು ಕುರಿತ ಕೇಶಿರಾಜನ ಎಚ್ಚರಿಕೆಯನ್ನು ಪಾಠಹೇಳುವ ಕನ್ನಡ ಉಪಾಧ್ಯಾಯರಿಗೆ ಇದು ಮೊದಲು ಕರ್ಕಶವೆನಿಸಬಹುದು. ಆದರೆ ಎರಡು ನುಡಿಗಳ ಮನೆಯಲ್ಲಿ ಬೆಳೆದವಳ ಬಾಯಲ್ಲಿ ಬೇರೆ ಬಗೆಯ ಮಾತು ಅಸಹಜವಾಗುತ್ತಿತ್ತು.

ಅಜ್ಜಿಗೆ ಕ್ಷಮೆ ದೊರೆಯಿತೆನ್ನಬಹುದೇ? ಮೊಮ್ಮಗಳು ತನ್ನ ಪಾಲಿನದನ್ನು ಕೊಟ್ಟಳು. ಹಳೆಯ ರೆಬೋಸೊವನ್ನು ತಾನು ಹೊದ್ದಳು. ಆದರೆ ಕಥೆಯಲ್ಲಿ ಕಾಂದೆಲಾರಿಯಾ ಎಂಬ ಹುಡುಗಿಯೊಬ್ಬಳಿರುವಳು: ಅಜ್ಜಿಯ ಮನೆಯ ಅಗಸಗಿತ್ತಿಯ ಮಗಳು, ಇನೊಸೆನ್ಸಿಯೊವಿಗೇ ಹುಟ್ಟಿದವಳು. ಅಕಾಪುಲ್ಕೊವಿನ ಕಡಲತೀರಕ್ಕೆ ಮನೆಯವರೊಡನೆ ಬಂದಿದ್ದ ಆ ಎಳೆಯಳನ್ನು ಅಜ್ಜಿಯು ಒಬ್ಬಳನ್ನೇ ಬಸ್ಸು ಹತ್ತಿಸಿ ಹಿಂದಕ್ಕೆ ಕಳುಹಿಸುವಳು. ತಾನೂ ಹಿಂದೊಮ್ಮೆ ಪರರ ಮನೆಗೆ ಅಟ್ಟಲ್ಪಟ್ಟ ಹುಡುಗಿ, ತಾನೂ ಆ ಅಡಿಗೆಮನೆಯ ಆಳು ಎಂಬುದು ಅವಳ ನೆನಪಿಗೆ ಬಂದಂತೆ ಕಾಣದು. ಅಜ್ಜಿಗೆ ನಡುವೆ ಬಾಯಿಹಾಕುವ ಅಧಿಕಾರ ದೊರೆಯಿತು, ಕಾಂದೆಲಾರಿಯಾಳಿಗೆ ದೊರೆಯಲಿಲ್ಲ. ಅವಳ ಮಾತನ್ನು ಕೇಳಿ ಬರೆಯುವ ಮೊಮ್ಮಗಳೊಬ್ಬಳು ಈ ಗ್ರಂಥದಲ್ಲಿಲ್ಲ.