ಗಾಲ್ಸ್‌ವರ್ದಿಯ ತಕ್ಕಡಿ

ಜಾನ್ ಗಾಲ್ಸ್‌ವರ್ದಿಯ 'ಸ್ಟ್ರೈಫ್' ನಾಟಕದ ವಿಷಯ ಬಂದಾಗಲೆಲ್ಲ ವಿಮರ್ಶಕರು ತಪ್ಪದೆ ಆಡುವ ಮಾತೊಂದಿದೆ: ಮಾಲಿಕರಿಗೂ ಕಾರ್ಮಿಕರಿಗೂ ನಡೆಯುವ ಹೋರಾಟದಲ್ಲಿ ನಾಟಕಕಾರನು ಯಾರ ಪಕ್ಷವನ್ನೂ ವಹಿಸಲಿಲ್ಲ, ತಕ್ಕಡಿಯ ಎರಡು ತಟ್ಟೆಗಳನ್ನೂ ಸಮನಾಗಿ ಹಿಡಿದ, ಎಂದು. 1909ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ಈ ಕೃತಿಗೆ ಅಂಟಿಕೊಂಡಿರುವ ಆ ಹೊಗಳಿಕೆ ಎಷ್ಟರಮಟ್ಟಿಗೆ ನಿಜ? ಕರ್ತೃವು ವಕೀಲಿ ಓದಿದವನಾದ್ದರಿಂದ ಹಾಗೆ ನಂಬುವುದು ಸುಲಭ. ನನಗಂತೂ ತಕ್ಕಡಿ ಒಂದು ಕಡೆಗೆ ವಾಲಿರುವಂತೆಯೇ ಕಾಣುತ್ತದೆ. ನಾಟಕದ ಸತ್ತ್ವವಿರುವುದೂ ಆ ವಾಲುವಿಕೆಯಲ್ಲಿಯೇ.

ಕಥೆ ಸರಳ. ಇಂಗ್ಲೆಂಡು-ವೇಲ್ಸುಗಳ ಗಡಿಯ ತಗಡಿನ ಕಾರ್ಖಾನೆಯೊಂದರಲ್ಲಿ ಚಳಿಗಾಲವಿಡೀ ಮುಷ್ಕರ. ಕಂಪನಿಯ ಅಧ್ಯಕ್ಷ ಮುದುಕ ಆಂಥನಿ, ಹಿಂದೆ ನಾಲ್ಕು ಸಲ ಕೆಲಸಗಾರರನ್ನು ಮಣಿಸಿದವನು, ಈಗಲೂ ಬಗ್ಗಲಾರ. ಕೆಲಸಗಾರರ ನಾಯಕ ಡೇವಿಡ್ ರಾಬರ್ಟ್ಸ್, ಅವನೂ ಬಗ್ಗಲಾರ. ಕೆಲವು ಬೇಡಿಕೆಗಳು ಅತಿಯಾದುವೆಂದು ಕಾರ್ಮಿಕ ಸಂಘವೇ ಬೆಂಬಲವನ್ನು ಹಿಂತೆಗೆದುಕೊಂಡಿದೆ. ಸಂಘದ ಅಧಿಕಾರಿ ಹಾರ್ನೆಸ್ ಇಬ್ಬರ ನಡುವೆ ಓಡಾಡುತ್ತಾನೆ. ಕೊನೆಗೆ ಆಂಥನಿಯನ್ನು ಅವನ ನಿರ್ದೇಶಕರೂ, ರಾಬರ್ಟ್ಸನನ್ನು ಅವನ ಸಂಗಾತಿಗಳೂ ಕೈಬಿಡುತ್ತಾರೆ. ರಾಜಿಯಾಗುತ್ತದೆ, ಅದೂ, ಜಗಳಕ್ಕೆ ಮೊದಲೇ ಹಾರ್ನೆಸನೂ ಕಂಪನಿಯ ಕಾರ್ಯದರ್ಶಿಯೂ ಕೂಡಿ ಬರೆದಿಟ್ಟಿದ್ದ ಷರತ್ತುಗಳ ಮೇಲೆಯೇ!

ಇಷ್ಟು ಕೇಳಿದರೆ ಎಲ್ಲ ಸಮವೆಂದೇ ತೋರುತ್ತದೆ. ಆದರೆ ಬೆಂಕಿಯನ್ನು ನೋಡಿ. ಮೊದಲನೆಯ ಅಂಕದಲ್ಲಿ ಮ್ಯಾನೇಜರನ ಊಟದ ಮನೆ. ಅಗ್ಗಿಷ್ಟಿಕೆಯ ಝಳ ತಾಳಲಾರದೆ ನಿರ್ದೇಶಕರು ಅದಕ್ಕೆ ಮರೆ ಕೇಳುತ್ತಾರೆ. ಎರಡನೆಯ ಅಂಕದಲ್ಲಿ ರಾಬರ್ಟ್ಸನ ಅಡಿಗೆಮನೆ. ಅಲ್ಲಿರುವುದು ಬಡಕಲು ಬೆಂಕಿ, ಅದರ ಬಳಿ ಹೃದ್ರೋಗಿಯಾದ ಅವನ ಹೆಂಡತಿ ಆನಿ. ಆನಿ ಒಂದು ಕಾಲಕ್ಕೆ ಆಂಥನಿಯ ಮಗಳು ಎನಿಡಳ ಊಳಿಗದಲ್ಲಿದ್ದವಳು. ಆ ಎನಿಡ್ ಈಗ ನೆರವಾಗಲು ಬಂದರೆ ಆನಿ ಗಂಡನ ಹಟವನ್ನು ದೂರುವುದಿಲ್ಲ; ಅವನ ವಾದವನ್ನೇ ಮೆಲುದನಿಯಲ್ಲಿ ವಿವರಿಸುತ್ತಾಳೆ. ಆ ಇಳಿಹಗಲಲ್ಲೇ ಸಾಯುತ್ತಾಳೆ. ಆಂಥನಿ ಕಳೆದುಕೊಂಡದ್ದು ಅಧ್ಯಕ್ಷನ ಕುರ್ಚಿ. ಇವೆರಡನ್ನೂ ಸಮವೆಂದು ತೂಗುವ ತಕ್ಕಡಿ ಯಾವ ಅಂಗಡಿಯದು? ಕಂಪನಿಯ ಸಭೆಯಲ್ಲಾಗಲಿ ಕೆಲಸಗಾರರ ಸಭೆಯಲ್ಲಾಗಲಿ ಆನಿಗೆ ಮತವಿರಲಿಲ್ಲ.

ದೋಷಗಳೂ ಇವೆ. ರಾಬರ್ಟ್ಸ್ ತನ್ನ ಭಾಷಣದಿಂದ ಜನರನ್ನು ಇನ್ನೇನು ಗೆದ್ದನೆನ್ನುವಾಗ ಹೆಂಡತಿಯ ಸಾವಿನ ಸುದ್ದಿ ಬರುವುದು ನಾಟಕಕಾರನ ಕೈಚಳಕ. ಕೆಲಸಗಾರರು ಸೋತದ್ದು ಹಸಿವಿಗೋ, ಹಾರ್ನೆಸನ ಮಾತಿಗೋ, ಈ ಸುದ್ದಿಗೋ ಎಂಬುದು ಇದರಿಂದ ಮಸಕಾಗುತ್ತದೆ. ರಾಬರ್ಟ್ಸನ ಶೋಧವೊಂದಕ್ಕೆ 700 ಪೌಂಡು ಕೊಟ್ಟು ಕಂಪನಿ 1 ಲಕ್ಷ ಪೌಂಡು ಗಳಿಸಿತೆಂಬ ಸಂಗತಿಯೂ ಹಾಗೆಯೇ. ಅವನ ಹೋರಾಟ ಸ್ವಂತದ ಸೇಡೆಂದು ತೋರುವ ಅಪಾಯ ಅದರಲ್ಲಿದೆ.

ಮುಷ್ಕರವೆಂದರೆ ಬಸ್ಸು ಬಾರದ ದಿನವೆಂದಷ್ಟೇ ಬಲ್ಲ ನಮ್ಮಂಥ ಪಟ್ಟಣಿಗರಿಗೆ ಹಾರ್ನೆಸ್ ಬಹಳ ಮೆಚ್ಚುಗೆಯಾಗುತ್ತಾನೆ. ಸಮಾಧಾನಿ, ವಿವೇಕಿ, ಅವನ ಷರತ್ತುಗಳೇ ಗೆದ್ದುವಲ್ಲ! ಅವನ ಪಕ್ಷದಲ್ಲಿ ನ್ಯಾಯವೂ ಉಂಟು. ಬೇರೆಡೆಯ ಕೆಲಸಗಾರರಿಗೆ ಸಿಗದ ಕೂಲಿಯನ್ನು ಇಲ್ಲಿ ಕೇಳಿದರೆ ಸಂಘ ಹೇಗೆ ಬೆನ್ನಿಗೆ ನಿಂತೀತು? ಆದರೆ ಸಂಘ ದೂರ ನಿಂತ ಆ ತಿಂಗಳುಗಳಲ್ಲಿ ಹಸಿದವರು ಟ್ರೆನಾರ್ಥಾದ ಹೆಂಗಸರು, ಮಕ್ಕಳು. ಹಾರ್ನೆಸ್ ಅಲ್ಲ.

ನಮ್ಮ ಹವ್ಯಾಸಿ ತಂಡಗಳು ಇದನ್ನು ಕೈಗೆತ್ತಿಕೊಂಡರೆ ಒಂದು ಸೂಚನೆ. ಕಾಲ ಸಾಲದೆಂದು ಅಡಿಗೆಮನೆಯ ದೃಶ್ಯವನ್ನು ಮೊಟಕುಮಾಡಬಾರದು. ಕೊನೆಯಲ್ಲಿ ಇಬ್ಬರು ಹಟಮಾರಿಗಳು ಒಬ್ಬರಿಗೊಬ್ಬರು ತಲೆಬಾಗುತ್ತಾರಷ್ಟೆ. ಆನಿ ಸತ್ತು ಇನ್ನೂ ಹೆಚ್ಚು ಹೊತ್ತಾಗಿಲ್ಲವೆಂಬುದು ಆಗ ಪ್ರೇಕ್ಷಕರಿಗೆ ನೆನಪಿರಬೇಕು. ನಾಟಕವೆಲ್ಲ ನಡೆಯುವುದು ಒಂದೇ ದಿನ, ನಡುಹಗಲಿನಿಂದ ಸಂಜೆ ಆರರೊಳಗೆ.